ಕೆಚ್ಚಲು ಬಾವು: ಊದಿಸುವವರು ಯಾರು?



ಮನೆಭೇಟಿಗೆ ಹೋದಾಗ ನಾವು ಆಗಾಗ ಕೇಳುವ ಮಾತೊಂದಿದೆ: “ಫಾದರ್, ನಿನ್ನೆ ಸಂಜೆ ಚೆನ್ನಾಗಿದ್ದ ದನ, ಬೆಳಿಗ್ಗೆ ನೋಡಿದರೆ ಕೆಚ್ಚಲು ಕಲ್ಲಿನ ಹಾಗಾಗಿದೆ.” ಊದಿಸಿದ್ದು ರೋಗಾಣು ಎಂದೇ ನಾವೆಲ್ಲ ತಿಳಿದಿದ್ದೇವೆ. ರೋಗಾಣು ಕಾರಣ, ನಿಜ. ಆದರೆ ಊದಿಸುವುದು ದನದ ದೇಹವೇ.

ಕೆಚ್ಚಲಿನೊಳಗೆ ಹಾಲು ತಯಾರಾಗುವ ಪುಟ್ಟ ಪುಟ್ಟ ಚೀಲಗಳಿವೆ. ಅವುಗಳ ಒಳಮೈಗೆ ಜೀವಕೋಶಗಳ ತೆಳುಪದರವಿದೆ. ನಮ್ಮ ಮೂಗು, ಶ್ವಾಸಕೋಶ, ಕರುಳು, ಮೂತ್ರನಾಳಗಳಿಗೂ ಇಂಥ ಒಳಪದರವಿದೆ. ಇದು ಬರೀ ಗೋಡೆಯಲ್ಲ, ಕಾವಲುಗಾರನೂ ಹೌದು. ಸೆಗಣಿಯಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾ ಮೊಲೆತೊಟ್ಟಿನ ತೂತಿನಿಂದ ಒಳಹೊಕ್ಕರೆ, ಅದರ ಹೊರಪೊರೆಯನ್ನು ಈ ಕೋಶಗಳು ಗುರುತಿಸಿ, ಕೆಲವೇ ತಾಸುಗಳಲ್ಲಿ ರಾಸಾಯನಿಕ ಸಂದೇಶ ಕಳುಹಿಸುತ್ತವೆ. ಆಗ ರಕ್ತನಾಳಗಳು ಹಿಗ್ಗುತ್ತವೆ, ನೀರಿನಂಶ ಸೋರುತ್ತದೆ, ಬಿಳಿ ರಕ್ತಕಣಗಳು ಗುಂಪುಗುಂಪಾಗಿ ಹಾಲಿಗೆ ಇಳಿಯುತ್ತವೆ. ಬಿಸಿ, ಬಾವು, ನೋವು, ಹಾಲಿನ ಗಂಟು ಎಲ್ಲವೂ ಈ ಹೋರಾಟದ ಗುರುತುಗಳು.

ಹೋರಾಟ ಮಿತಿಮೀರಿದರೆ ರೋಗಾಣುವಿನ ಜೊತೆಗೆ ಒಳಪದರವೂ ಹಾಳಾಗುತ್ತದೆ. ಕೆಚ್ಚಲಿನ ಆ ಭಾಗದ ಹಾಲು ಶಾಶ್ವತವಾಗಿ ಕಡಿಮೆಯಾಗಬಹುದು. ದನದ ಜೀವಕ್ಕೇ ಅಪಾಯ ಬರಬಹುದು. ಆದುದರಿಂದ ಅರಸಿನ ಹಚ್ಚಿ ನಾಳೆಗೆ ಕಾಯಬೇಡಿ. ಅದೇ ದಿನ ಪಶುವೈದ್ಯರನ್ನು ಕರೆಯಿರಿ.

ಊದದಿದ್ದರೆ ಕ್ಷೇಮವೇ? ಹಾಗೂ ಅಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಂದಾಗ ಒಳಪದರದ ಕೂಗು ಬಹಳ ಮೆಲ್ಲಗಿರುತ್ತದೆ. ಆ ರೋಗಾಣು ಕೋಶದೊಳಗೇ ಅಡಗಲೂ ಬಲ್ಲದು. ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ. ರೋಗ ಮಾತ್ರ ಕರೆಯುವವರ ಕೈಯಿಂದ ಹಟ್ಟಿಯ ಇನ್ನೊಂದು ದನಕ್ಕೆ ದಾಟುತ್ತದೆ. ಇದನ್ನು ಪತ್ತೆಮಾಡಲು 1957ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾ ಪರೀಕ್ಷೆ ಇಂದಿಗೂ ಉಪಯುಕ್ತ. ಸಾಬೂನಿನಂಥ ದ್ರಾವಣವನ್ನು ಹಾಲಿಗೆ ಬೆರೆಸಿದಾಗ ಅದು ಲೋಳೆಯಾದರೆ, ಹಾಲಿನಲ್ಲಿ ಬಿಳಿಕಣಗಳು ಹೆಚ್ಚಿವೆ ಎಂದರ್ಥ. ಆರೋಗ್ಯವಂತ ದನದ ಹಾಲಿನಲ್ಲಿ ಮಿಲಿಲೀಟರಿಗೆ ಸಾಮಾನ್ಯವಾಗಿ 2 ಲಕ್ಷಕ್ಕಿಂತ ಕಡಿಮೆ ಕಣಗಳಿರುತ್ತವೆ.

ಕೆಲವು ಸೂಚನೆಗಳು:

1. ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟಲಿಗೆ ಕರೆದು ನೋಡಿ.
2. ಬಾವಿರುವ ದನವನ್ನು ಕೊನೆಗೆ ಕರೆಯಿರಿ. ಕೈ ಸಾಬೂನಿನಿಂದ ತೊಳೆಯಿರಿ.
3. ಕರೆದ ಮೇಲೆ ತೊಟ್ಟಿನ ತೂತು ಕೂಡಲೇ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಆಗ ಮೇವು ಹಾಕಿದರೆ ದನ ಸೆಗಣಿಯಲ್ಲಿ ಮಲಗದೆ ಸ್ವಲ್ಪ ಹೊತ್ತು ನಿಂತಿರುತ್ತದೆ.
4. ಬಾವು ಇಳಿಯಿತೆಂದು ಔಷಧವನ್ನು ಅರ್ಧಕ್ಕೆ ನಿಲ್ಲಿಸಬೇಡಿ. ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮನೆಗೂ ಸೊಸೈಟಿಗೂ ಬಳಸಬೇಡಿ. ನಷ್ಟ ನಮಗೆ ಗೊತ್ತು. ಆದರೆ ಆ ಹಾಲು ಕುಡಿಯುವವರು ಇನ್ನೊಬ್ಬರ ಮಕ್ಕಳು.