ಹೆಬ್ಬೆಟ್ಟು ಸವೆದವರಿಗೆ ಮುಖ ನೋಡಿ ತೆರೆಯುವ ಗೇಟು

ಬನಹಟ್ಟಿಯಲ್ಲಿ ಮಗ್ಗದ ಹಾಸಿನ, ಅಂದರೆ ಉದ್ದಕ್ಕೆ ಹಾಯುವ ನೂಲಿನ, ಎಳೆ ಕೂಡಿಸುವವರ ಕೈ ನೋಡಬೇಕು. ಹೆಬ್ಬೆಟ್ಟಿಗೂ ತೋರುಬೆರಳಿಗೂ ಚೂರು ಬೂದಿ ಮುಟ್ಟಿಸಿಕೊಂಡು, ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ಎಳೆಯನ್ನು ಹೊಸೆದು ಕೂಡಿಸುತ್ತಾರೆ. ಒಂದು ಸೀರೆಯ ಹಾಸಿನಲ್ಲಿ ಸಾವಿರಾರು ಎಳೆ. ಅಷ್ಟೂ ಆ ಎರಡು ಬೆರಳ ತುದಿಯಲ್ಲೇ ಹಾಯ್ದು ಹೋಗಬೇಕು. ಮೂವತ್ತು ನಲವತ್ತು ವರ್ಷ ಹೀಗೆ ದುಡಿದ ಬೆರಳಲ್ಲಿ ಗೆರೆ ಎಲ್ಲಿ ಉಳಿದೀತು? ಮುಧೋಳ, ಜಮಖಂಡಿ, ಬೀಳಗಿ ಸೀಮೆಯಲ್ಲಿ ಕಬ್ಬು ಕಡಿದು ಹೊರೆ ಕಟ್ಟುವವರ ಕೈಯೂ ಹಾಗೆಯೇ. ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ, ಸೆರಗಿಗೆ ಒರೆಸಿ, ಮತ್ತೆ ಒತ್ತಿ, ‘ತಗೊಳ್ಳವಲ್ದು, ನಾಳೆ ಬರ್ರಿ’ ಅನ್ನಿಸಿಕೊಂಡು ವಾಪಸ್ ಬಂದ ಹಿರಿಯರು ಈ ಊರುಗಳಲ್ಲಿ ಬೇಕಾದಷ್ಟು ಮಂದಿ. ಬಯೋಮೆಟ್ರಿಕ್ ಅಂದರೆ ಇವರಿಗೆ ಇಷ್ಟು ದಿನ ಹೆಬ್ಬೆಟ್ಟು. ಹೆಬ್ಬೆಟ್ಟು ಅಂದರೆ ಎದೆಯಲ್ಲಿ ಸಣ್ಣ ಅಳುಕು.

ಇದೇ ಮನೆಗಳ ಹಿರಿಯರು ಈಗ ವಿಮಾನ ಹತ್ತುತ್ತಿದ್ದಾರೆ. ಬಾಗಲಕೋಟೆ–ಕುಡಚಿ ರೈಲಿಗಾಗಿ ಈ ಭಾಗದ ಜನ ವರ್ಷಾನುಗಟ್ಟಲೆ ಹೋರಾಡಿದ್ದಾರೆ; ಅಷ್ಟರಲ್ಲಿ ವಿಮಾನವೇ ಹತ್ತಿರ ಬಂತು. ಬೆಳಗಾವಿಯ ಸಾಂಬ್ರಾ, ಹುಬ್ಬಳ್ಳಿಯ ಗೋಕುಲ ರಸ್ತೆ ಎರಡೂ ಕಡೆ 2017ರಲ್ಲಿ ಹೊಸ ಟರ್ಮಿನಲ್ ಆಯಿತು, ‘ಉಡಾನ್’ ಯೋಜನೆಯಿಂದ ವಿಮಾನಗಳೂ ಬಂದವು. ನಸುಕಿನಲ್ಲಿ ಕಾರು ಹತ್ತಿದರೆ ಕೆಲವು ತಾಸಿನಲ್ಲಿ ಸಾಂಬ್ರಾ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದ ಮಗ, ಮಗಳ ಬಾಣಂತನ, ದೊಡ್ಡಾಸ್ಪತ್ರೆ, ಹಜ್, ಕಾಶಿ. ಕಾಶಿಗೆ ಹೋದರೆ ಜಂಗಮವಾಡಿ ಮಠದಲ್ಲಿ ಇಳಿದುಕೊಳ್ಳುವುದು ಈ ಕಡೆಯ ಅನೇಕ ಮನೆಗಳ ರೂಢಿ. ರೈಲಿನಲ್ಲಿ ಎರಡು ರಾತ್ರಿ ಕಳೆಯಲಾಗದ ಅಜ್ಜ–ಅಜ್ಜಿಗೆ ಮಕ್ಕಳು ಬೆಂಗಳೂರಿನಿಂದ ವಾರಾಣಸಿಗೆ ವಿಮಾನದ ಟಿಕೆಟ್ ತೆಗೆಸುತ್ತಾರೆ.

ಮುಖವೇ ಗುರುತಿನ ಚೀಟಿಯಾಗುವ ‘ಡಿಜಿಯಾತ್ರಾ’ ದೇಶದಲ್ಲಿ ಮೊದಲು ಶುರುವಾದ ಮೂರು ನಿಲ್ದಾಣಗಳಲ್ಲಿ ಎರಡು ಇದೇ ದಾರಿಯ ಎರಡು ತುದಿಗಳು. 2018ರಲ್ಲಿ ಕೇಂದ್ರ ವಿಮಾನಯಾನ ಸಚಿವಾಲಯ ನೀತಿ ಪ್ರಕಟಿಸಿತು; 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಯಲ್ಲಿ ಜಾರಿಗೆ ಬಂತು. ಆಮೇಲೆ ಹೈದರಾಬಾದ್, ಪುಣೆ, ಮುಂಬೈ ಸೇರಿ ಹತ್ತಾರು ನಿಲ್ದಾಣಗಳಿಗೆ ಹಬ್ಬಿತು. ದೇಶದೊಳಗಿನ ಪ್ರಯಾಣಕ್ಕೆ ಮಾತ್ರ ಇದರ ಬಳಕೆ.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಇದು ನಡೆಯುವ ಬಗೆ ಹೀಗೆ. ಪ್ರವೇಶದ್ವಾರದಲ್ಲಿ ಎದೆಯೆತ್ತರದ ಗಾಜಿನ ಕದ, ಪಕ್ಕದಲ್ಲೊಂದು ಕಂಬ. ಬೋರ್ಡಿಂಗ್ ಪಾಸಿನ ಬಾರ್‌ಕೋಡನ್ನು ಕಂಬದ ಕಣ್ಣಿಗೆ ಹಿಡಿಯಬೇಕು, ತಲೆ ಎತ್ತಿ ಕ್ಯಾಮೆರಾ ನೋಡಬೇಕು. ಪರದೆಯ ಮೇಲೆ ನಿಮ್ಮದೇ ಮುಖ ಮೂಡುತ್ತದೆ, ಹಸಿರು ಗುರುತು ಬೀಳುತ್ತದೆ, ಕದ ತೆರೆಯುತ್ತದೆ. ಭದ್ರತಾ ತಪಾಸಣೆಗೆ ಒಳಬಿಡುವಲ್ಲಿಯೂ ಇದೇ ಬಗೆ. ಹಳೆಯ ಪದ್ಧತಿಯಲ್ಲಿ ಭದ್ರತಾ ಸಿಬ್ಬಂದಿ ಟಿಕೆಟ್ಟನ್ನೂ ಆಧಾರ್ ಕಾರ್ಡನ್ನೂ ಒಂದು ಕೈಯಲ್ಲಿ ಹಿಡಿದು, ಒಮ್ಮೆ ಕಾರ್ಡಿನ ಫೋಟೊ, ಒಮ್ಮೆ ಎದುರಿಗಿದ್ದವರ ಮುಖ ನೋಡುತ್ತಾರೆ. ಯಂತ್ರ ಮಾಡುವುದೂ ಅದನ್ನೇ. ಕಣ್ಣುಗಳ ನಡುವಿನ ಅಂತರ, ಮೂಗಿನ ಉದ್ದ, ದವಡೆಯ ವಾರೆಯಂಥ ಲಕ್ಷಣಗಳನ್ನು ಅಂಕಿಗಳ ಸಾಲಾಗಿಸಿ, ಮೊದಲೇ ಕಳಿಸಿಟ್ಟ ಸಾಲಿನೊಂದಿಗೆ ತಾಳೆ ನೋಡುತ್ತದೆ.

ಬೆರಳ ಗೆರೆ ಕಳೆದುಕೊಂಡವರಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ. ಇಲ್ಲಿ ಯಾರೂ ಹೆಬ್ಬೆಟ್ಟು ಕೇಳುವುದಿಲ್ಲ. ಚೀಲ ಒಂದು ಕೈಯಲ್ಲಿ, ಅಜ್ಜಿಯ ಕೈ ಇನ್ನೊಂದು ಕೈಯಲ್ಲಿ ಇರುವಾಗ ಕಿಸೆ ತಡಕಾಡಿ ಕಾರ್ಡ್ ತೆಗೆಯುವ ಪ್ರಸಂಗ ಬರುವುದಿಲ್ಲ. ಮೊದಲ ಸಲ ವಿಮಾನ ಹತ್ತುವವರ ಭಯದಲ್ಲಿ ಅರ್ಧ ಪಾಲು ಸಮವಸ್ತ್ರದವರ ಎದುರು ನಿಲ್ಲುವ ಭಯ, ಅದೂ ಕಡಿಮೆಯಾದೀತು.

ಆದರೆ ತೊಡಕು ಊರಲ್ಲೇ, ಮನೆಯ ಕಟ್ಟೆಯ ಮೇಲೆಯೇ ಶುರುವಾಗುತ್ತದೆ. ಆ್ಯಪ್‌ನಲ್ಲಿ ನೋಂದಾಯಿಸಲು ಸ್ಮಾರ್ಟ್‌ಫೋನ್ ಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರಿಗೆ ಬರುವ ಒಟಿಪಿ ಬೇಕು. ಹಿರಿಯರ ಆಧಾರ್‌ಗೆ ಜೋಡಿಸಿದ ನಂಬರು ಎಷ್ಟೋ ಮನೆಗಳಲ್ಲಿ ಮಗನದು, ಇಲ್ಲವೇ ಎಂದೋ ಬಿಟ್ಟುಹೋದ ಸಿಮ್‌ದು. ನಂತರ ಸೆಲ್ಫಿ. ಅದನ್ನು ಆಧಾರ್‌ನ ಫೋಟೊದೊಂದಿಗೆ ತಾಳೆ ಹಾಕುತ್ತಾರೆ. ಆಧಾರ್ ನೋಂದಣಿ ಹೊಸದಾಗಿ ಬಂದಾಗ ಶಾಲೆಯ ಕೋಣೆಯಲ್ಲಿ, ಮಬ್ಬು ಬೆಳಕಿನಲ್ಲಿ, ಗಾಬರಿ ಮುಖದಲ್ಲಿ ತೆಗೆಸಿಕೊಂಡ ಆ ಫೋಟೊ ಈಗಿನ ಮುಖಕ್ಕೆ ಹೊಂದಲೇಬೇಕೆಂದಿಲ್ಲ.

ಎಲ್ಲಕ್ಕಿಂತ ದೊಡ್ಡದು ಹೆಸರಿನ ತೊಡಕು. ನಮ್ಮ ಕಡೆ ಹೆಸರೆಂದರೆ ಮೂರು: ತನ್ನದು, ತಂದೆಯದು, ಅಡ್ಡಹೆಸರು. ಮದುವೆಯಾದ ಹೆಣ್ಣುಮಕ್ಕಳಿಗೆ ನಡುವೆ ಗಂಡನ ಹೆಸರು. ಆಧಾರ್‌ನಲ್ಲಿ ಮೂರೂ ಸಾಲಾಗಿ ಇರುತ್ತವೆ, ಇಲ್ಲವೇ ಅಡ್ಡಹೆಸರು ಮುಂದೆ ಬಂದು ಕೂತಿರುತ್ತದೆ, ಇಲ್ಲವೇ ತಂದೆಯ ಹೆಸರಿನ ಬದಲು ಒಂದೇ ಅಕ್ಷರ. ವಿಮಾನದ ಟಿಕೆಟ್ ತೆಗೆಯುವ ಮಗ ಬೆಂಗಳೂರಿನಲ್ಲಿ ಕೂತು ಅವಸರದಲ್ಲಿ ಬರೀ ಹೆಸರು, ಅಡ್ಡಹೆಸರು ತುಂಬುತ್ತಾನೆ. ಬಸಪ್ಪನಿಗೆ ಇಂಗ್ಲಿಷಿನಲ್ಲಿ ಒಂದು ಕಡೆ ಒಂದು ‘ಪಿ’, ಇನ್ನೊಂದು ಕಡೆ ಎರಡು ‘ಪಿ’. ಪಾಟೀಲರಿಗೆ ಒಂದು ಕಡೆ ಒಂದು ‘ಐ’, ಇನ್ನೊಂದು ಕಡೆ ಎರಡು ‘ಇ’. ಬಾಗಿಲಲ್ಲಿ ನಿಂತ ಮನುಷ್ಯ ಇದನ್ನು ನೋಡಿ, ಮುಖ ನೋಡಿ, ‘ಹೋಗ್ರಿ’ ಅಂದಾನು. ಆ್ಯಪ್ ಒಪ್ಪುವುದಿಲ್ಲ. ಟಿಕೆಟ್ಟಿನ ಹೆಸರು ಆಧಾರ್‌ನ ಹೆಸರಿಗೆ ಹೊಂದಬೇಕು ಅನ್ನುತ್ತದೆ. ಹಿರಿಯರಿಗೆ ಟಿಕೆಟ್ ತೆಗೆಸುವ ಮಕ್ಕಳು ಅವರ ಆಧಾರ್ ಕಾರ್ಡನ್ನು ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ತುಂಬಬೇಕು. ಈ ಒಂದು ಮಾತನ್ನು ಮನೆಮನೆಗೆ ಹೇಳುವ ಅಗತ್ಯವಿದೆ.

ಇನ್ನು ಒಪ್ಪಿಗೆಯ ಪ್ರಶ್ನೆ. ಡಿಜಿಯಾತ್ರಾ ಕಡ್ಡಾಯವಲ್ಲ. ಕಾರ್ಡ್ ತೋರಿಸಿ ಹೋಗುವ ಸಾಲು ಇದ್ದೇ ಇದೆ, ಇರಲೇಬೇಕು. ಆದರೂ ಬಾಗಿಲಲ್ಲೇ ಸಿಬ್ಬಂದಿ ಮುಖದ ಚಿತ್ರ ತೆಗೆದು, ಕೇಳದೆಯೇ ನೋಂದಣಿ ಮಾಡಿಬಿಟ್ಟರು ಎಂಬ ದೂರುಗಳು ಹಲವು ನಗರಗಳ ಪ್ರಯಾಣಿಕರಿಂದ ಬಂದವು. ಇಂಗ್ಲಿಷ್ ಬಲ್ಲ, ವಾರಕ್ಕೊಮ್ಮೆ ಹಾರಾಡುವವರಿಗೇ ಹೀಗಾದರೆ, ‘ಇಲ್ಲಿ ನೋಡಿ’ ಎಂದು ಹಿಂದಿಯಲ್ಲಿ ಅಂದ ಕೂಡಲೇ ವಿಧೇಯವಾಗಿ ಮುಖವೆತ್ತುವ ರಬಕವಿಯ ಅಜ್ಜನಿಗೆ ತಾನು ಏನು ಕೊಟ್ಟೆ ಎಂಬುದು ಹೇಗೆ ತಿಳಿಯಬೇಕು?

ಮುಖದ ವಿವರ ಪ್ರಯಾಣಿಕನ ಫೋನಿನಲ್ಲೇ ಇರುತ್ತದೆ, ಹೊರಡುವ ನಿಲ್ದಾಣಕ್ಕೆ ಆ ಪ್ರಯಾಣದ ಮಟ್ಟಿಗೆ ಹೋಗುತ್ತದೆ, ವಿಮಾನ ಹೊರಟ 24 ಗಂಟೆಯೊಳಗೆ ಅಳಿಸಿಹಾಕಲಾಗುತ್ತದೆ ಎಂಬುದು ಡಿಜಿಯಾತ್ರಾ ಫೌಂಡೇಶನ್ ಕೊಡುವ ಮಾತು. ಈ ಫೌಂಡೇಶನ್ ಸರ್ಕಾರದ ಇಲಾಖೆಯಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ಶೇ 26. ಉಳಿದದ್ದು ಬೆಂಗಳೂರು, ದೆಹಲಿ, ಹೈದರಾಬಾದ್, ಮುಂಬೈ, ಕೊಚ್ಚಿ ನಿಲ್ದಾಣಗಳನ್ನು ನಡೆಸುವ ಕಂಪನಿಗಳದ್ದು. ಅಳಿಸಿದ್ದನ್ನು ಹೊರಗಿನವರು ಪರಿಶೀಲಿಸಿ, ಜನರಿಗೆ ತಿಳಿಯುವಂತೆ ಆಗಾಗ ಹೇಳಬೇಕು. ಸವೆದ ಬೆರಳಿಗೆ ಬದಲು ಇನ್ನೊಂದು ಬೆರಳು ಕೊಡಬಹುದು. ಮುಖ ಒಂದೇ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಯಾಗುತ್ತಿವೆ. ಆ ಕಾಯ್ದೆಯಲ್ಲಿ ನಮಗೆ ಬಹಳ ಬೇಕಾದ ಮಾತೊಂದಿದೆ: ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು. ಅಂದರೆ ಕನ್ನಡದಲ್ಲಿ ಓದಿ, ತಿಳಿದು, ಹೂಂ ಅಥವಾ ಉಹೂಂ ಅನ್ನುವುದು ಕಾನೂನು ಕೊಟ್ಟ ಹಕ್ಕು.

ಯಂತ್ರವೂ ತಪ್ಪುತ್ತದೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2019ರಲ್ಲಿ ಮುಖ ಗುರುತಿಸುವ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಒಬ್ಬರನ್ನು ಇನ್ನೊಬ್ಬರೆಂದು ತಪ್ಪು ತಿಳಿಯುವ ಪ್ರಮಾಣ ಅನೇಕ ತಂತ್ರಾಂಶಗಳಲ್ಲಿ ಏಷ್ಯಾ, ಆಫ್ರಿಕಾ ಮೂಲದವರ ಮುಖಗಳಿಗೆ ಬಿಳಿಯರಿಗಿಂತ ಹತ್ತರಿಂದ ನೂರು ಪಟ್ಟು ಹೆಚ್ಚಿತ್ತು. ಆಮೇಲೆ ತಂತ್ರಾಂಶ ಸುಧಾರಿಸಿದೆ. ಆದರೂ ಕದ ತೆರೆಯದಿದ್ದಾಗ ಪಕ್ಕದಲ್ಲಿ ಮನುಷ್ಯರೊಬ್ಬರು ನಿಂತಿರಬೇಕು ಎನ್ನಲು ಇಷ್ಟೇ ಕಾರಣ ಸಾಕು.

ದೇಶದ ಗಡಿ ದಾಟಿದರೆ ಮತ್ತೆ ಬೆರಳೇ ಮುಂದೆ ಬರುತ್ತದೆ. ಬೆರಳಚ್ಚಿನ ಆಧುನಿಕ ಕತೆ ಶುರುವಾದದ್ದೂ ನಮ್ಮ ನೆಲದಲ್ಲೇ: 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ಗುತ್ತಿಗೆದಾರ ರಾಜ್ಯಧರ ಕೊನಾಯಿಯ ಕರಾರುಪತ್ರದ ಮೇಲೆ ಅವನ ಅಂಗೈಯನ್ನೇ ಒತ್ತಿಸಿಕೊಂಡಿದ್ದ. ಈಗ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಬೆರಳಚ್ಚು. ಹಜ್‌ಗೆ ಹೋದರೆ ಸೌದಿಯಲ್ಲಿ, ಮಗಳ ಮನೆಗೆಂದು ಅಮೆರಿಕಕ್ಕೆ ಹೋದರೆ ಅಲ್ಲಿಯೂ. ಯುರೋಪಿನ ಷೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಹೊರದೇಶದವರ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖ ಮತ್ತು ಬೆರಳಚ್ಚನ್ನೇ ದಾಖಲಿಸಿಕೊಳ್ಳುವ ಪದ್ಧತಿ ತರತೊಡಗಿದವು. ಜೀವನವಿಡೀ ಮಗ್ಗದ ಮುಂದೆ ಕೂತವರು ಇಂಥ ಕೌಂಟರಿನಲ್ಲಿ ಗಾಬರಿಯಾಗುವುದು ಸಹಜ. ಅಂಥ ಪ್ರಯಾಣಕ್ಕೆ ವಾರ ಮುಂಚಿನಿಂದ ಕೈಗೆ ಬಿಡುವು ಕೊಟ್ಟು, ರಾತ್ರಿ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಿಕೊಂಡರೆ ಒಣಗಿದ ಚರ್ಮ ಮೆತ್ತಗಾಗಿ ಗೆರೆ ಸ್ವಲ್ಪ ಸ್ಪಷ್ಟವಾಗಿ ಮೂಡುತ್ತದೆ.

ಮುಖ ನೋಡುವ ಕದಗಳು ನಾಳೆ ಚಿಕ್ಕ ನಿಲ್ದಾಣಗಳಲ್ಲೆಲ್ಲ ಸಾಮಾನ್ಯವಾಗುತ್ತವೆ. ಸಾಂಬ್ರಾ, ಹುಬ್ಬಳ್ಳಿ, ವಿಜಯಪುರದ ಬುರಣಾಪುರ ಯಾವುದೂ ಇದರಿಂದ ಹೊರಗೆ ಉಳಿಯಲಾರದು. ಬರಲಿ. ಆದರೆ ಆ ಕದದ ಪಕ್ಕದಲ್ಲೇ, ಮೂಲೆಗೆ ತಳ್ಳದೆ, ಕಾರ್ಡ್ ತೋರಿಸುವ ಸಾಲು ಇರಲಿ. ಅದರ ಮೇಲೆ ದೊಡ್ಡ ಕನ್ನಡ ಅಕ್ಷರಗಳ ಫಲಕವಿರಲಿ. ಒಟಿಪಿ ಬರಲಿಲ್ಲವೆಂದೋ ಹೆಸರು ಹೊಂದಲಿಲ್ಲವೆಂದೋ ನಿಂತವರಿಗೆ ಕನ್ನಡದಲ್ಲಿ ಉತ್ತರ ಹೇಳುವ, ಕಾರ್ಡ್ ನೋಡಿ ಒಳಗೆ ಬಿಡುವ ಅಧಿಕಾರವಿರುವ ಒಬ್ಬರನ್ನು ಅಲ್ಲಿ ಕೂರಿಸಲಿ.