ಬೆರಳಚ್ಚು ಯಂತ್ರದ ಚಾಲಕ ತಂತ್ರಾಂಶ: ಕರ್ನಲ್ ಒಳಗೋ, ಹೊರಗೋ?

ಸಿಂಧನೂರು ತಾಲ್ಲೂಕಿನ ಗೊರೇಬಾಳ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರು ಪಡಿತರ ಚೀಟಿಯ ಇ-ಕೆವೈಸಿ ಮೊದಲಾದ ಸೇವೆಗಳಿಗಾಗಿ ಒಂದು ದಿನದ ಕೂಲಿ ಬಿಟ್ಟು ಬಂದಾಗ ಯಂತ್ರವು ಬೆರಳಚ್ಚು ಸ್ವೀಕರಿಸದಿದ್ದರೆ, ತಪ್ಪು ತಮ್ಮ ಬೆರಳಿನದೇ ಎಂದು ಭಾವಿಸುವುದುಂಟು. ಭತ್ತದ ನಾಟಿ ಮಾಡಿದ ಕೈಗಳ ರೇಖೆಗಳು ಸವೆಯುವುದು ನಿಜವೇ. ಆದರೆ ಯಂತ್ರದ ದೀಪವೇ ಬೆಳಗದಿದ್ದಲ್ಲಿ ದೋಷವು ಬೆರಳಿನದಲ್ಲ. ಸಂಪರ್ಕ ತಂತಿಯದು, ಯಂತ್ರದ್ದು ಅಥವಾ ಅದರ ಚಾಲಕ ತಂತ್ರಾಂಶದ್ದಾಗಿರುತ್ತದೆ.

ಡ್ರೈವರ್ ಎಂದು ಕರೆಯಲಾಗುವ ಈ ಚಾಲಕ ತಂತ್ರಾಂಶವು ಗಣಕಯಂತ್ರ ಮತ್ತು ಉಪಕರಣದ ನಡುವಿನ ಮಧ್ಯವರ್ತಿ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಒಳಗೆ ಇದನ್ನು ಇರಿಸಬಹುದು. ಇಲ್ಲವೇ ಇತರ ತಂತ್ರಾಂಶಗಳಂತೆ ಹೊರಗೆ, ಬಳಕೆದಾರ ವಲಯದಲ್ಲಿ ಇರಿಸಬಹುದು. ಒಳಗಿದ್ದರೆ ವೇಗ ಹೆಚ್ಚು. ಆದ್ದರಿಂದ ಹಾರ್ಡ್ ಡಿಸ್ಕ್ ಮತ್ತು ಜಾಲ ಸಂಪರ್ಕದ ಚಾಲಕಗಳು ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಆದರೆ ಅಲ್ಲಿ ಆಗುವ ಒಂದು ತಪ್ಪು ಇಡೀ ಗಣಕಯಂತ್ರವನ್ನೇ ಸ್ಥಗಿತಗೊಳಿಸಬಲ್ಲದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ದೋಷಯುಕ್ತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ವಿಂಡೋಸ್ ಗಣಕಯಂತ್ರಗಳು ನಿಂತುಹೋದವು. ಅದರ ಚಾಲಕವು ಕರ್ನಲ್ ಒಳಗಿದ್ದುದೇ ಹಾನಿಯು ಇಷ್ಟು ವ್ಯಾಪಕವಾಗಲು ಕಾರಣ. ಅಂದು ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿ ನೀಡಬೇಕಾಯಿತು.

ಹೊರವಲಯದ ಚಾಲಕ ಕೆಟ್ಟಲ್ಲಿ ಆ ಒಂದು ತಂತ್ರಾಂಶವನ್ನು ಪುನಃ ಆರಂಭಿಸಿದರೆ ಸಾಮಾನ್ಯವಾಗಿ ಸಾಕು; ತೆರೆದಿಟ್ಟ ಅರ್ಜಿ ನಷ್ಟವಾಗುವುದಿಲ್ಲ. ಕರ್ನಲ್‌ಗೆ ಹೋಗಿಬರುವ ಸ್ವಲ್ಪ ವಿಳಂಬವಂತೂ ಇದ್ದೇ ಇದೆ. ಒಮ್ಮೆ ಬೆರಳಿಟ್ಟು ಕಾಯುವ ಯಂತ್ರದಲ್ಲಿ ಅದು ಯಾರ ಗಮನಕ್ಕೂ ಬಾರದು. ಲಿನಕ್ಸ್‌ನಲ್ಲಿ ಬೆರಳಚ್ಚು ಯಂತ್ರಗಳನ್ನು ನಡೆಸುವ ಲಿಬ್‌ಎಫ್‌ಪ್ರಿಂಟ್ ಕೂಡ ಹೊರವಲಯದಲ್ಲಿಯೇ ಕೆಲಸ ಮಾಡುತ್ತದೆ. ಇಂತಹ ಉಪಕರಣಕ್ಕೆ ಈ ಕ್ರಮವೇ ಯುಕ್ತ.

ಆಧಾರ್ ದೃಢೀಕರಣದಲ್ಲಿ ಬಳಸುವ ನೋಂದಾಯಿತ ಸಾಧನಗಳೊಡನೆ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶವೂ ಇರುತ್ತದೆ. ಬೆರಳಚ್ಚಿನ ವಿವರವು ಅರ್ಜಿಯ ತಂತ್ರಾಂಶಕ್ಕೆ ಗೂಢಲಿಪಿಯ ರೂಪದಲ್ಲಿಯೇ ತಲುಪುವಂತೆ ಇದು ನೋಡಿಕೊಳ್ಳುತ್ತದೆ. ಕೇಂದ್ರ ನಡೆಸುವವರು ಚಾಲಕವನ್ನು ಉಪಕರಣ ತಯಾರಕರಿಂದಲೇ ಪಡೆಯತಕ್ಕದ್ದು. ಅಪರಿಚಿತ ಮೂಲದ ಚಾಲಕವು ಕರ್ನಲ್ ಪ್ರವೇಶಿಸಿದರೆ ಆ ಗಣಕಯಂತ್ರದ ಯಾವ ಮಾಹಿತಿಯೂ ಅದರಿಂದ ಸುರಕ್ಷಿತವಲ್ಲ. 

ಯಂತ್ರ ಸ್ಪಂದಿಸದಿದ್ದಾಗ ಆರ್‌ಡಿ ಸರ್ವಿಸ್ ಅನ್ನು ಪುನಃ ಆರಂಭಿಸುವಂತೆ ಅರ್ಜಿದಾರರು ಸಿಬ್ಬಂದಿಯನ್ನು ಕೋರಬಹುದು. ಆಗಲೂ ಸಾಧ್ಯವಾಗದಿದ್ದಲ್ಲಿ, ಆಯಾ ಸೇವೆಯಲ್ಲಿ ಅವಕಾಶವಿರುವಂತೆ ಕಣ್ಣಿನ ಪಾಪೆ, ಮುಖಚಹರೆ ಅಥವಾ ನೋಂದಾಯಿತ ಮೊಬೈಲ್‌ಗೆ ಬರುವ ಒಟಿಪಿ ಮೂಲಕ ದೃಢೀಕರಿಸಬಹುದು. ಬೆರಳಚ್ಚು ಹೊಂದದ ಕಾರಣಕ್ಕೆ ಅರ್ಹರಿಗೆ ಪಡಿತರ ಮುಂತಾದ ಸೌಲಭ್ಯ ನಿರಾಕರಿಸಬಾರದೆಂದು ವಿಶಿಷ್ಟ ಗುರುತಿನ ಪ್ರಾಧಿಕಾರವು 2017ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಅರ್ಜಿದಾರರು ಆಧಾರ್‌ಗೆ ಜೋಡಿಸಿದ ಮೊಬೈಲನ್ನು ಜೊತೆಯಲ್ಲಿ ತರುವಂತೆ ಕೋರಲಾಗಿದೆ.