ಐದು ಜನ, ಒಂದೂವರೆ ಟಿಕೆಟ್: ಸಾಲವಿಲ್ಲದೆ ಒಂದು ರಜಾ ಪ್ರವಾಸ

ಏಪ್ರಿಲ್ ಬಂತೆಂದರೆ ಮಕ್ಕಳಿಗೆ ಬೇಸಿಗೆ ರಜೆ. ಮನೆ ಖರ್ಚಿಗೆ ಮಾತ್ರ ರಜೆಯಿಲ್ಲ. ಸರಸ್ವತಿ ನಗರವಿರಲಿ, ದಾವಣಗೆರೆಯ ಬೇರೆ ಯಾವ ಬಡಾವಣೆಯೇ ಇರಲಿ, ಆಟೋ ಓಡಿಸುವವರು, ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ದುಡಿಯುವವರು, ಹೊಲಿಗೆ ಯಂತ್ರದ ಮುಂದೆ ಕೂತವರು, ತಳ್ಳುಗಾಡಿಯವರು ಎಲ್ಲರ ಮುಂದೆಯೂ ಜೂನ್ ತಿಂಗಳ ಶಾಲೆಯ ಫೀಸು, ಪುಸ್ತಕ, ಸಮವಸ್ತ್ರದ ಲೆಕ್ಕ ನಿಂತಿರುತ್ತದೆ. ಇದರ ನಡುವೆ ಮಗು ಬಂದು ಕೇಳುತ್ತದೆ: "ಅಬ್ಬಾ, ನಾವು ಎಲ್ಲಿಗೂ ಹೋಗೋದಿಲ್ವಾ?"

ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳಿವೆ. ಕೆಲವರು ಮಗುವಿನ ಮುಖ ನೋಡಲಾರದೆ ಬಡ್ಡಿಗೆ ಹಣ ತಂದು ಊಟಿಗೋ ಮೈಸೂರಿಗೋ ಹೋಗುತ್ತಾರೆ. ಮೂರು ದಿನದ ಸಂತೋಷಕ್ಕೆ ವರ್ಷವಿಡೀ ವಾರದ ಕಂತು ಕಟ್ಟುತ್ತಾರೆ. ಕಂತಿನವರು ಬಾಗಿಲಿಗೆ ಬಂದ ದಿನ ಆ ಪ್ರವಾಸದ ನೆನಪೇ ಕಹಿಯಾಗುತ್ತದೆ. ಇನ್ನು ಕೆಲವರು "ನಮ್ಮಂಥವರಿಗೆ ಪ್ರವಾಸ ಯಾಕೆ?" ಎಂದು ಗದರಿ ಬಾಯಿ ಮುಚ್ಚಿಸುತ್ತಾರೆ. ದೀನ್ ಈ ಎರಡರಲ್ಲಿ ಯಾವುದನ್ನೂ ಕಲಿಸಿಲ್ಲ.

ದುಂದೂ ಅಲ್ಲ, ಜಿಪುಣತನವೂ ಅಲ್ಲ

ಸೂರಃ ಅಲ್ ಫುರ್ಕಾನ್‌ನಲ್ಲಿ (25:67) ಅಲ್ಲಾಹನು ತನ್ನ ಪ್ರೀತಿಯ ದಾಸರ ಗುಣಗಳನ್ನು ವಿವರಿಸುವಾಗ ಖರ್ಚಿನ ವಿಷಯವನ್ನೂ ಎತ್ತಿದ್ದಾನೆ. ಅವರು ಹಣ ಚೆಲ್ಲುವವರೂ ಅಲ್ಲ, ಕೈ ಬಿಗಿ ಹಿಡಿಯುವವರೂ ಅಲ್ಲ, ಎರಡರ ನಡುವೆ ನಡೆಯುವವರು ಎಂಬುದು ಅದರ ಆಶಯ. ಖುತ್ಬಾಗಳಲ್ಲಿ ನಾವು ಈ ಆಯತ್ತಿನ ಮೊದಲರ್ಧವನ್ನು ಹೆಚ್ಚಾಗಿ ಕೇಳುತ್ತೇವೆ. ಮನೆಯವರ ವಿಷಯದಲ್ಲಿ ಕೈ ಬಿಗಿ ಹಿಡಿಯಬಾರದೆಂಬ ಮಾತೂ ಅದೇ ಆಯತ್ತಿನಲ್ಲಿದೆ.

ಪ್ರವಾದಿ ಮುಹಮ್ಮದ್(ಸ) ಒಂದು ಪ್ರಯಾಣದಲ್ಲಿ ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದ್ದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಆಗ ಆಯಿಶಾ(ರ) ಗೆದ್ದರು. ಮುಂದೊಮ್ಮೆ ಓಡಿದಾಗ ಪ್ರವಾದಿ(ಸ) ಗೆದ್ದರು. ಆ ಸಂತೋಷಕ್ಕೆ ಒಂದು ದಿರ್ಹಮ್ ಕೂಡ ಖರ್ಚಾಗಲಿಲ್ಲ. ಮನೆಯವರಿಗೆ ಬೇಕಾದದ್ದು ನಮ್ಮ ಸಮಯ ಮತ್ತು ನಗುಮುಖ. ಹೋಟೆಲಿನ ಕೋಣೆ ಅದರ ನಂತರದ ಮಾತು. ಅದೇ ಪ್ರವಾದಿ(ಸ) ನಮಾಝ್‌ನಲ್ಲಿ ಸಾಲದ ಭಾರದಿಂದ ಅಲ್ಲಾಹನ ಅಭಯ ಬೇಡುತ್ತಿದ್ದರು. ಪ್ರವಾಸವೊಂದು ಬಡ್ಡಿಯಿಲ್ಲದೆ ಸಾಧ್ಯವೇ ಇಲ್ಲ ಎಂದಾದರೆ ಆ ಪ್ರವಾಸ ನಮ್ಮದಲ್ಲ. ಬೇರೆ ಊರನ್ನು ಆರಿಸಿಕೊಳ್ಳಬೇಕು.

ಮೊದಲು ಲೆಕ್ಕ

ನವೆಂಬರ್ 1ರಿಂದ ದಿನಕ್ಕೆ 10 ರೂಪಾಯಿಯಂತೆ ಒಂದು ಡಬ್ಬಿಗೆ ಹಾಕಿದರೆ ಮಾರ್ಚ್ ಕೊನೆಗೆ ಸುಮಾರು 1,500 ರೂಪಾಯಿ ಆಗುತ್ತದೆ. ಡಬ್ಬಿ ಮಕ್ಕಳ ಕೈಯಲ್ಲೇ ಇರಲಿ. ಐದು ತಿಂಗಳು ತಾವೇ ಎಣಿಸಿದ ಮಗು ದಾರಿಯಲ್ಲಿ ಕಂಡದ್ದೆಲ್ಲ ಬೇಕೆಂದು ಹಟ ಹಿಡಿಯುವುದಿಲ್ಲ. ಅದಕ್ಕೂ ಹಣದ ಅಳತೆ ಗೊತ್ತಿರುತ್ತದೆ.

ಲೆಕ್ಕದಲ್ಲಿ ನಾವು ಮರೆಯುವ ಒಂದು ಖರ್ಚಿದೆ. ದಿನಗೂಲಿಯವರಿಗೆ ಒಂದು ದಿನದ ಕೆಲಸ ತಪ್ಪಿದರೆ ಆ ಕೂಲಿಯೂ ಖರ್ಚೇ. ಆದ್ದರಿಂದ ಕೆಲಸಕ್ಕೆ ಹೇಗೂ ಬಿಡುವಿರುವ ದಿನವನ್ನೇ ಆರಿಸಿ. ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ರವಾಸವಾದರೆ ಕೋಣೆಯ ಬಾಡಿಗೆ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಪ್ರಯಾಣಿಕನು ಬೇಗ ಮನೆಗೆ ಮರಳಲಿ ಎಂಬ ಪ್ರವಾದಿವರ್ಯರ(ಸ) ಬೋಧನೆಯೂ ಇದೆ.

ಬಸ್ಸಿನ ಲೆಕ್ಕ

2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಕರ್ನಾಟಕದ ನಿವಾಸಿಗಳಾದ ಹೆಣ್ಣುಮಕ್ಕಳು ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸದು. ಕರ್ನಾಟಕದ ವಿಳಾಸವಿರುವ ಆಧಾರ್‌ನಂಥ ಗುರುತಿನ ಚೀಟಿ ಕೈಯಲ್ಲಿರಬೇಕು. ಹುಡುಗರ ವಿಷಯಕ್ಕೆ ಬಂದರೆ, 6 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, 6ರಿಂದ 12ರವರಿಗೆ ಅರ್ಧ ಟಿಕೆಟ್.

ಗಂಡ, ಹೆಂಡತಿ, ಅಜ್ಜಿ, 13 ವರ್ಷದ ಮಗಳು, 8 ವರ್ಷದ ಮಗ ಇರುವ ಮನೆಯನ್ನು ತೆಗೆದುಕೊಳ್ಳಿ. ಗಂಡನಿಗೆ ಒಂದು, ಮಗನಿಗೆ ಅರ್ಧ. ಐದು ಜನಕ್ಕೆ ಒಂದೂವರೆ ಟಿಕೆಟ್! "ನಾನು ಬಂದರೆ ಖರ್ಚು ಹೆಚ್ಚು, ನೀವೇ ಹೋಗಿಬನ್ನಿ" ಎನ್ನುವ ಅಜ್ಜಿಗೆ ಈ ಲೆಕ್ಕ ತೋರಿಸಿ. ಅವರನ್ನು ಮನೆಯಲ್ಲಿ ಬಿಟ್ಟು ಹೋಗಲು ಖರ್ಚಿನ ನೆಪ ಈಗ ಉಳಿದಿಲ್ಲ.

ಒಂದು ಎಚ್ಚರಿಕೆ: ಖಾಸಗಿ ಬಸ್ಸಿನಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಹಳ್ಳಿ ಕಡೆಯ ಊರಿಗೆ ಹೊರಡುವ ಮುನ್ನ ಹೋಗುವ ಮತ್ತು ಮರಳುವ ಸರ್ಕಾರಿ ಬಸ್ಸಿನ ಸಮಯವನ್ನು ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ.

ಎಲ್ಲಿಗೆ ಹೋಗುವುದು?

ಅರ್ಧ ದಿನವಷ್ಟೇ ಸಿಗುವುದಾದರೆ 14 ಕಿ.ಮೀ. ದೂರದಲ್ಲಿ ಹರಿಹರವಿದೆ. ತುಂಗಭದ್ರೆಯ ದಂಡೆ, 13ನೇ ಶತಮಾನದ ಹೊಯ್ಸಳರ ಕಾಲದ ದೇವಾಲಯದ ಕಲ್ಲಿನ ಕೆಲಸ ಮತ್ತು ಅಲ್ಲಿರುವ ಹಳೆಗನ್ನಡ ಶಾಸನಗಳು ಶಾಲೆಯ ಚರಿತ್ರೆ ಪಾಠಕ್ಕೆ ಜೀವ ಕೊಡುತ್ತವೆ. ಆದರೆ ಮಕ್ಕಳನ್ನು ನದಿಗೆ ಇಳಿಸಬೇಡಿ. ಬೇಸಿಗೆಯಲ್ಲಿ ನೀರು ತೆಳುವಾಗಿ ಕಂಡರೂ ಹೊಳೆಯ ತಳದಲ್ಲಿ ಗುಂಡಿಗಳಿರುತ್ತವೆ.

ಒಂದು ದಿನ ಸಿಕ್ಕರೆ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು. ನಮ್ಮದೇ ಜಿಲ್ಲೆಯಲ್ಲಿದ್ದರೂ ನಮ್ಮಲ್ಲಿ ಎಷ್ಟೋ ಜನ ನೋಡಿಲ್ಲ. ನಾಲ್ಕೂ ಕಡೆ ಮೆಟ್ಟಿಲುಗಳಿರುವ ವಿಶಾಲ ಪುಷ್ಕರಣಿ, ನೀರಿನ ನಡುವೆ ವಸಂತ ಮಂಟಪ. ಕಟ್ಟಿಸಿದವರು ಹನುಮಪ್ಪ ನಾಯಕ. ದಂಡೆಯ ಮೇಲೆ ಬಿಜಾಪುರದ ಆದಿಲ್‌ಶಾಹಿ ಸೇನಾಪತಿ ರಣದುಲ್ಲಾ ಖಾನ್ ಕಾಲದ ಮುಸಾಫಿರ್‌ಖಾನಾ. ಮುಸಾಫಿರ್‌ಖಾನಾ ಎಂದರೆ ದಾರಿಹೋಕರ ತಂಗುದಾಣ. ಆ ಕಾಲದ ಯುದ್ಧಗಳ ನೋವಿನ ಕಥೆಗಳೂ ಈ ಊರಿಗೆ ಅಂಟಿಕೊಂಡಿವೆ. ಮಕ್ಕಳು ಕೇಳಿದರೆ ಮರೆಮಾಚಬೇಡಿ. ರಾಜರು ರಾಜ್ಯಕ್ಕಾಗಿ ಕಾದಾಡಿದರು, ನೀರು ಮಾತ್ರ ಎಲ್ಲರ ನಡುವೆ ಉಳಿಯಿತು ಎಂದು ಹೇಳಿ. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಪರಿಣಾಮ ನೋಡಿ ಎಂದು ಕುರ್‌ಆನ್ (30:42) ಕರೆ ಕೊಟ್ಟಿರುವುದು ಇಂಥ ಕಡೆ ಅರ್ಥವಾಗುತ್ತದೆ. ಅದೇ ತಾಲ್ಲೂಕಿನಲ್ಲಿ ಸೂಳೆಕೆರೆ ಇದೆ. ಶಾಂತಿಸಾಗರ ಎಂದೂ ಹೆಸರು. ನೂರಾರು ವರ್ಷಗಳ ಹಿಂದೆ ಕಟ್ಟಿದ ಈ ಕೆರೆ ಇಂದಿಗೂ ಹೊಲಗಳಿಗೆ ನೀರುಣಿಸುತ್ತಿದೆ. ಸದಕಾ ಜಾರಿಯಾ ಎಂದರೇನೆಂದು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ನಡೆಯುವ ಶಕ್ತಿಯಿದ್ದವರಿಗೆ ಚಿತ್ರದುರ್ಗದ ಏಳುಸುತ್ತಿನ ಕೋಟೆ. ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ., ಸರ್ಕಾರಿ ಬಸ್ಸುಗಳಿಗೆ ಬರವಿಲ್ಲ. ಇದು ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕ. 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. 1779ರಲ್ಲಿ ಹೈದರ್ ಅಲಿ ಈ ಕೋಟೆಯನ್ನು ಗೆದ್ದರು. ಅದಕ್ಕೆ ಮೊದಲಿನ ಮುತ್ತಿಗೆಯಲ್ಲಿ ಒನಕೆ ಹಿಡಿದು ನಿಂತ ಓಬವ್ವಳ ಕಿಂಡಿ ಇಲ್ಲೇ ಇದೆ. ಎರಡೂ ಕಡೆಯವರ ಧೈರ್ಯವನ್ನು ನಮ್ಮ ಮಕ್ಕಳು ಗೌರವಿಸಲಿ. ಬಂಡೆಗಳು ಹೊತ್ತೇರಿದಂತೆ ಕಾಯುತ್ತವೆ. ಫಜ್ರ್ ಮುಗಿಸಿ ಮೊದಲ ಬಸ್ ಹಿಡಿದು, ಬಿಸಿಲೇರುವ ಮುನ್ನ ಹತ್ತಿ ಇಳಿಯಿರಿ. ಮಂಡಿನೋವಿನ ಹಿರಿಯರು ಮೊದಲ ಬಾಗಿಲುಗಳ ನೆರಳಲ್ಲೇ ಕುಳಿತರೂ ಸಾಕು.

ಎರಡು ವರ್ಷ ಡಬ್ಬಿ ತುಂಬಿಸಿದವರು ಹಂಪಿಯ ಯೋಚನೆ ಮಾಡಬಹುದು. ಅಲ್ಲಿ ಎರಡನೇ ದೇವರಾಯನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇದೆ. ಶಾಸನದಲ್ಲಿ ಅದನ್ನು ಧರ್ಮಸಾಲೆ ಎಂದು ಕರೆಯಲಾಗಿದೆ. ಈ ನಾಡಿನಲ್ಲಿ ನಮ್ಮ ಹಿರಿಯರು ಹೇಗೆ ಬಾಳಿದರೆಂದು ಮಕ್ಕಳು ಕಣ್ಣಾರೆ ಕಾಣಲಿ.

ದಾರಿಯಲ್ಲಿ ನಮಾಝ್

ಹನಫಿ ಮಝ್‌ಹಬ್ ಪ್ರಕಾರ ಊರ ಗಡಿಯಿಂದ 48 ಮೈಲಿ, ಅಂದರೆ ಸುಮಾರು 77 ಕಿ.ಮೀ. ದೂರಕ್ಕೆ ಹೊರಟವರು ಮುಸಾಫಿರರು. ಹರಿಹರ, ಸಂತೇಬೆನ್ನೂರು, ಚಿತ್ರದುರ್ಗ ಇದರೊಳಗೇ ಬರುವುದರಿಂದ ನಮಾಝ್ ಪೂರ್ತಿ ಮಾಡಬೇಕು. ಶುಕ್ರವಾರವಾದರೆ ಗಂಡಸರು ಆ ಊರಿನ ಮಸೀದಿಯಲ್ಲಿ ಜುಮಾಗೆ ಸೇರಬೇಕು. ಹಂಪಿ ಆ ಮಿತಿಯಾಚೆಗಿದೆ. ಅಲ್ಲಿ 15 ದಿನಕ್ಕಿಂತ ಕಡಿಮೆ ಉಳಿಯುವವರು ಝುಹ್ರ್, ಅಸ್ರ್, ಇಶಾದ ನಾಲ್ಕು ಫರ್ಝ್ ರಕಅತ್‌ಗಳನ್ನು ಎರಡಾಗಿ ಕಸ್ರ್ ಮಾಡಬೇಕು. ಫಜ್ರ್, ಮಗ್ರಿಬ್ ಇದ್ದಂತೆಯೇ. ಊರಿನ ಇಮಾಮರ ಹಿಂದೆ ನಿಂತರೆ ಅವರಂತೆ ಪೂರ್ತಿ ಮಾಡಬೇಕು. ಶಾಫಿಈ ಮಝ್‌ಹಬ್‌ನವರ ನಿಯಮಗಳು ಸ್ವಲ್ಪ ಬೇರೆ. ತಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ. ಚೀಲದಲ್ಲಿ ಒಂದು ಚಾಪೆ, ವುಝೂಗೆ ಒಂದು ಬಾಟಲಿ ನೀರು ಇರಲಿ.

ತಾಯಿಗೂ ರಜೆ

ಬುತ್ತಿ ಕಟ್ಟಿಕೊಂಡರೆ ಹೋಟೆಲಿನ ಖರ್ಚೂ ಉಳಿಯುತ್ತದೆ, ಹಲಾಲ್ ಊಟದ ಹುಡುಕಾಟವೂ ತಪ್ಪುತ್ತದೆ. ಆದರೆ ಆ ಉಳಿತಾಯ ಯಾರ ಬೆವರಿನಿಂದ? ರಾತ್ರಿ ಮೂರಕ್ಕೆ ಎದ್ದು ಐದು ಜನಕ್ಕೆ ರೊಟ್ಟಿ ಬಡಿದು, ದಾರಿಯುದ್ದಕ್ಕೂ ಚೀಲ ಹೊತ್ತು, ಬಂದ ಮೇಲೆ ಪಾತ್ರೆ ತಿಕ್ಕುವ ತಾಯಿಗೆ ಅದು ರಜೆಯಲ್ಲ, ದುಪ್ಪಟ್ಟು ದುಡಿಮೆ. ಪ್ರವಾದಿ(ಸ) ಮನೆಯಲ್ಲಿದ್ದಾಗ ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರೆಂದು ಆಯಿಶಾ(ರ) ಹೇಳಿದ್ದು ಬುಖಾರಿಯಲ್ಲಿದೆ. ಬುತ್ತಿ ಸರಳವಾಗಿರಲಿ: ಹಿಂದಿನ ರಾತ್ರಿಯೇ ಮಾಡಿಟ್ಟ ಚಪಾತಿ, ಶೇಂಗಾ ಚಟ್ನಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಸಂಜೆಯ ಹಸಿವಿಗೆ ನಮ್ಮೂರಿನ ಮಂಡಕ್ಕಿಗಿಂತ ಹಗುರವಾದದ್ದು, ಅಗ್ಗವಾದದ್ದು ಯಾವುದಿದೆ? ಚೀಲ ಗಂಡಸರು ಹೊರಲಿ, ಮರಳಿದ ಮೇಲಿನ ಪಾತ್ರೆ ಮಕ್ಕಳ ಪಾಲಿಗಿರಲಿ.

ಮೂವರು ಒಟ್ಟಿಗೆ ಪ್ರಯಾಣ ಹೊರಟರೆ ಒಬ್ಬರನ್ನು ಅಮೀರ್ ಮಾಡಿಕೊಳ್ಳಿ ಎಂಬ ಸುನ್ನತ್ ಇದೆ. ಮಗಳಿಗೆ ಬಸ್ಸಿನ ಸಮಯದ ಹೊಣೆ, ಮಗನಿಗೆ ನೀರಿನ ಬಾಟಲಿಗಳ ಹೊಣೆ ಕೊಟ್ಟರೆ ಅಮೀರರ ಕೆಲಸವೂ ಹಗುರ.

ಫೋಟೊ ತೆಗೆಯಿರಿ, ಆದರೆ ಅಲ್ಲಿಂದಲೇ ಸ್ಟೇಟಸ್ ಹಾಕುವ ಆತುರ ಬೇಡ. ಹೋಗಲಾಗದ ಮನೆಯ ಮಗು ಅದನ್ನು ನೋಡುತ್ತದೆ. ಸಾಧ್ಯವಾದರೆ ಆ ಮಗುವಿಗೊಂದು ಅರ್ಧ ಟಿಕೆಟ್ ಸೇರಿಸಿಕೊಳ್ಳಿ. ನೆರೆಮನೆಯ ಯತೀಮ್ ಮಗುವೊಂದು ನಿಮ್ಮ ಮಕ್ಕಳ ಜೊತೆ ಕೋಟೆ ಹತ್ತಿದರೆ ಡಬ್ಬಿಯ ಹಣ ಕಡಿಮೆಯಾಗಬಹುದು, ಅದರ ಬರ್ಕತ್ ಕಡಿಮೆಯಾಗದು. ಈ ರಜೆಗೆ ತಡವಾಯಿತೆನ್ನುವವರು ಹರಿಹರದಿಂದ ಶುರುಮಾಡಿ. ಡಬ್ಬಿಯನ್ನು ಇಂದೇ ಇಡಿ, ಇನ್‌ಶಾ ಅಲ್ಲಾಹ್ ಮುಂದಿನ ಏಪ್ರಿಲ್‌ಗೆ ದುರ್ಗ ದೂರವಿಲ್ಲ.